ಬೈ-ಟು ಕಾಫಿಗೆ ನಿಮಗೆ ಯಾರಿದ್ದಾರೆ? ಆರೋಗ್ಯಕ್ಕಾಗಿ ನಂಟು ಉಳಿಸಿಕೊಳ್ಳುವ ಕೆಲಸ, ಒಂದೊಂದೇ ಹೆಜ್ಜೆ

ಅಪ್ಪನ ಹತ್ತಿರ ಒಂದು ಟೆಲಿಫೋನ್ ಡೈರಿ ಇದೆ. ರೆಕ್ಸಿನ್ ರಟ್ಟು, ಅಂಚಿನಲ್ಲಿ ಎ ಬಿ ಸಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಹಾಳೆಗಳು. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಡೈರಿ ತೆಗೆದು, ಸ್ಕೇಲ್ ಇಟ್ಟು, ಆ ಹೆಸರಿನ ಮೇಲೆ ಕೆಂಪು ಪೆನ್ನಲ್ಲಿ ನೀಟಾಗಿ ಒಂದು ಗೀಟು ಎಳೆಯುತ್ತಾರೆ. ಅಮ್ಮ ಹೋದ ಮೇಲೆ ಅವರನ್ನು ಅರಸೀಕೆರೆ ಕಡೆಯ ನಮ್ಮೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಎಂಟನೇ ಮಹಡಿ, ಗೀಸರ್, ಟಿವಿ, ವಾರದ ಏಳು ದಿನಕ್ಕೆ ಏಳು ಖಾನೆ ಇರುವ ಮಾತ್ರೆ ಡಬ್ಬಿ. ಇನ್ನೇನು ಬೇಕು ಅಂದುಕೊಂಡಿದ್ದೆ.

ಆರೇ ತಿಂಗಳಲ್ಲಿ ಅವರು ಸಪ್ಪಗಾದರು. ಊಟ ಕಮ್ಮಿ, ನಿದ್ದೆ ಅರೆಬರೆ, ಬಿಪಿ ಮಾತ್ರ ಏರುತ್ತಲೇ ಇತ್ತು. ಮಾತ್ರೆ ಜಾಸ್ತಿ ಮಾಡಿಸಲು ಹೋದಾಗ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು, "ಸರ್, ದಿನಾ ಯಾರ ಜೊತೆ ಮಾತಾಡ್ತೀರಿ?" ಅಂತ ಕೇಳಿದರು. "ಇವಳು ಆಫೀಸಿಂದ ಬಂದ ಮೇಲೆ ಮಾತಾಡ್ತೀನಿ" ಅಂದರು ಅಪ್ಪ. ನಾನು ಮನೆ ಸೇರುವುದು ರಾತ್ರಿ ಎಂಟೂವರೆಗೆ. ಅವರು ಒಂಬತ್ತಕ್ಕೆ ಮಲಗುತ್ತಾರೆ.

ಆಮೇಲೆ ಒಂದು ವರ್ಷ ನಾವಿಬ್ಬರೂ ಏನೇನು ಮಾಡಿದೆವು, ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ವಯಸ್ಸಾದವರಿಗೆ ಮಾತ್ರ ಅಲ್ಲ. ನಮಗೆ ಯಾರ್ಯಾರಿದ್ದಾರೆ ಅಂತ ಪಟ್ಟಿ ಬರೆಯಲು ಕೂತಾಗ ನನ್ನ ಹಾಳೆಯೇ ಅಪ್ಪನ ಹಾಳೆಗಿಂತ ಖಾಲಿ ಇತ್ತು.

ಮೊದಲು, ಒಂಟಿತನ ಬರೀ ಮನಸ್ಸಿನ ವಿಷಯವಾ?

ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಲಮೀಡಾ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಥರದ್ದು, ಇದೆ. ಅಲ್ಲಿನ ಸುಮಾರು 7,000 ಜನರನ್ನು 1965ರಿಂದ ಒಂಬತ್ತು ವರ್ಷ ಗಮನಿಸಿದ ಲೆಕ್ಕವನ್ನು ಲಿಸಾ ಬರ್ಕ್‌ಮನ್ ಮತ್ತು ಲೆನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದರು. ಮದುವೆ, ಗೆಳೆಯರು-ನೆಂಟರು, ಚರ್ಚು, ಸಂಘ, ಹೀಗೆ ಯಾವ ಕಡೆಯಿಂದಲೂ ನಂಟು ತೀರಾ ಕಡಿಮೆ ಇದ್ದ ಗಂಡಸರು ಆ ಅವಧಿಯಲ್ಲಿ ಸಾಯುವ ಸಾಧ್ಯತೆ, ನಂಟು ಜಾಸ್ತಿ ಇದ್ದ ಗಂಡಸರಿಗಿಂತ 2.3 ಪಟ್ಟು ಇತ್ತು. ಹೆಂಗಸರಲ್ಲಿ 2.8 ಪಟ್ಟು. ಸಿಗರೇಟು, ಕುಡಿತ, ತೂಕ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಹೋಗಲಿಲ್ಲ. ಮುಂದೆ 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಜೊತೆಗಾರರು ಇಂಥ 148 ಅಧ್ಯಯನಗಳನ್ನು, ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು, ಒಟ್ಟು ಹಾಕಿ ನೋಡಿದರು. ನಂಟು ಗಟ್ಟಿ ಇದ್ದವರು ಬದುಕಿ ಉಳಿಯುವ ಸಾಧ್ಯತೆ 50 ಪರ್ಸೆಂಟ್ ಹೆಚ್ಚು ಅಂತ ಬಂತು.

ಒಂದು ಅನುಮಾನ ಬರಬೇಕು, ಬರಲಿ. ಕಾಯಿಲೆ ಬಿದ್ದವರು ತಾವಾಗಿಯೇ ಜನರಿಂದ ದೂರ ಆಗುತ್ತಾರೆ ಅಲ್ವಾ, ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ? ಎರಡೂ ಕಡೆಯಿಂದ ನಡೆಯುತ್ತದೆ ಅನ್ನುವುದೇ ನಿಜ. ಆದರೆ ಎಷ್ಟೋ ಅಧ್ಯಯನಗಳು ಶುರುವಿನ ಆರೋಗ್ಯವನ್ನೂ ಲೆಕ್ಕ ಹಿಡಿದೇ ನೋಡಿವೆ. ನನಗೆ ಜಾಸ್ತಿ ಹಿಡಿಸಿದ್ದು ನೆಗಡಿ ಪ್ರಯೋಗ. ಶೆಲ್ಡನ್ ಕೋಹೆನ್ ಅನ್ನುವವರು 276 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಬಿಟ್ಟು, ಎಲ್ಲರನ್ನೂ ಬೇರೆ ಬೇರೆ ಇರಿಸಿ, ಯಾರಿಗೆ ನೆಗಡಿ ಹತ್ತುತ್ತದೆ ಅಂತ ಕಾದರು. 1997ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮನೆಯವರು, ಗೆಳೆಯರು, ನೆರೆಯವರು, ಸಹೋದ್ಯೋಗಿಗಳು, ಸಂಘದವರು ಅಂತ ಆರು ಅಥವಾ ಹೆಚ್ಚು ಬಗೆಯ ಸಂಬಂಧ ಇದ್ದವರಿಗಿಂತ, ಮೂರು ಅಥವಾ ಕಡಿಮೆ ಬಗೆ ಇದ್ದವರಿಗೆ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಗಮನಿಸಿ, ಅವರು ಎಣಿಸಿದ್ದು ತಲೆ ಅಲ್ಲ, ಬಗೆ. ಇದು ಮುಂದೆ ಪಟ್ಟಿ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಮೈಯೊಳಗೆ ಏನಾಗುತ್ತದೆ? ಒಂಟಿ ಅನ್ನಿಸಿದಾಗ ಮೈ ಸದಾ ಕಾವಲು ಕಾಯುವ ಹಾಗೆ ಇರುತ್ತದೆ. ಒತ್ತಡದ ಹಾರ್ಮೋನು ಏರುತ್ತದೆ, ರಕ್ತದೊತ್ತಡ ಏರುತ್ತದೆ, ನಿದ್ದೆ ಒಡೆಯುತ್ತದೆ, ಒಳಗೆ ಸಣ್ಣಗೆ ಉರಿಯೂತ ಶುರುವಾಗುತ್ತದೆ. ವರ್ಷಗಟ್ಟಲೆ ಹೀಗಿದ್ದರೆ ಹೃದಯಕ್ಕೂ ಮೆದುಳಿಗೂ ಪೆಟ್ಟು. ಇನ್ನೊಂದು ದಾರಿ ಇದಕ್ಕಿಂತ ಸರಳ. ಜೊತೆಗೆ ಜನ ಇದ್ದರೆ "ಕಾಲು ಊದಿದೆಯಲ್ಲಾ, ತೋರಿಸಿದೆಯಾ?" ಅಂತ ಯಾರಾದರೂ ಕೇಳುತ್ತಾರೆ. ಮಾತ್ರೆ ನುಂಗಿದೆಯಾ ಅಂತ ಜೀವ ತಿನ್ನುತ್ತಾರೆ. ನಮ್ಮಮ್ಮ ಇದನ್ನು ನಲವತ್ತು ವರ್ಷ ಮಾಡಿದ್ದರು. ಏಳು ಖಾನೆಯ ಡಬ್ಬಿಗೆ ಅದು ಬರಲ್ಲ.

ಈಗ ಸರ್ಕಾರಗಳೂ ಇದನ್ನು ಕಾಯಿಲೆಯ ಲೆಕ್ಕದಲ್ಲೇ ನೋಡುತ್ತಿವೆ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ದೊಡ್ಡ ಡಾಕ್ಟರು, ಆಗಿದ್ದ ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ದೇಶಕ್ಕೇ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಲೋಕದಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ಅದಕ್ಕೆ ಅಂಟಿಕೊಂಡ ಸಾವು ವರ್ಷಕ್ಕೆ 8,71,000. ಸರಿ, ಅಂಕಿ ಸಾಕು. ಕೆಲಸಕ್ಕೆ ಬರೋಣ.

ಹೆಜ್ಜೆ 1: ಒಂದು ಹಾಳೆ, ನಾಲ್ಕು ಕಾಲಂ

ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿ ನೋಡಬೇಡಿ, ಅದರಲ್ಲಿ ಗ್ಯಾಸ್ ಏಜೆನ್ಸಿಯೂ ಇರುತ್ತದೆ. ಹಾಳೆ, ಪೆನ್ನು ತೆಗೆದುಕೊಳ್ಳಿ. ನಾಲ್ಕು ಕಾಲಂ ಎಳೆಯಿರಿ.

ಮೊದಲನೆಯದು, ಮನಸ್ಸಿನ ಮಾತು ಹೇಳಿಕೊಳ್ಳಬಹುದಾದವರು. ಎರಡನೆಯದು, ರಾತ್ರಿ ಎರಡು ಗಂಟೆಗೆ ಎದೆ ನೋವು ಅಂದರೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬರುವವರು. ಇದು ಮೊದಲನೆಯದಕ್ಕಿಂತ ಬೇರೆ. ನನ್ನ ಮನಸ್ಸಿನ ಮಾತು ಕೇಳುವ ಗೆಳತಿ ಟೊರಾಂಟೋದಲ್ಲಿದ್ದಾಳೆ, ಅವಳು ಎರಡು ಗಂಟೆಗೆ ಹೇಗೆ ಬರುತ್ತಾಳೆ? ಮೂರನೆಯದು, ಜೊತೆಗೆ ಏನಾದರೂ ಮಾಡುವವರು: ವಾಕಿಂಗ್, ಭಜನೆ, ಶಟ್ಲ್, ಸಿನಿಮಾ, ಸುಮ್ನೆ ಹರಟೆ. ನಾಲ್ಕನೆಯದು, ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುವವರು. ಸೊಪ್ಪಿನವರು, ಸೆಕ್ಯುರಿಟಿ, ಮೆಡಿಕಲ್ ಶಾಪಿನ ಹುಡುಗ.

ಒಂದೇ ಷರತ್ತು. ಕಳೆದ ಮೂರು ತಿಂಗಳಲ್ಲಿ ಒಮ್ಮೆಯಾದರೂ ಮಾತಾಡಿದವರ ಹೆಸರನ್ನು ಮಾತ್ರ ಪೆನ್ನಲ್ಲಿ ಬರೆಯಿರಿ. ಉಳಿದವರನ್ನು ಪೆನ್ಸಿಲಲ್ಲಿ.

ಅಪ್ಪ ಡೈರಿ ಪಕ್ಕಕ್ಕಿಟ್ಟುಕೊಂಡು ಕೂತರು. ಒಂದೊಂದೇ ಹೆಸರಿಗೆ ಬೆರಳಿಟ್ಟು, ಇವನು ನನ್ನ ಜೊತೆ ಟಿಸಿಎಚ್ ಮಾಡಿದವನು, ಇವನ ಮಗಳ ಮದುವೆಗೆ ಲಾರಿಯಲ್ಲಿ ಹೋಗಿದ್ದೆವು, ಇವನು ಹತ್ತು ಸಾವಿರ ತೆಗೆದುಕೊಂಡು ಮುಖ ತೋರಿಸಲಿಲ್ಲ, ಅಂತ ಪುರಾಣ. ಎರಡು ಗಂಟೆ ಆಯಿತು. ಡೈರಿಯಲ್ಲಿ ಕೆಂಪು ಗೀಟು ಬೀಳದ ಹೆಸರು ಮೂವತ್ತೊಂದು ಇದ್ದವು. ಅದರಲ್ಲಿ ಹಾಳೆಯ ಮೇಲೆ ಪೆನ್ನಿಂದ ಬರೆಸಿಕೊಂಡದ್ದು ಎರಡೇ.

ನಿಮ್ಮ ಹಾಳೆಯಲ್ಲಿ ಎಲ್ಲರೂ ಒಂದೇ ಬಗೆಯವರಾಗಿದ್ದರೆ, ಅಂದರೆ ಬರೀ ಆಫೀಸಿನವರು ಅಥವಾ ಬರೀ ಗಂಡನ ಕಡೆಯವರು, ಅದೂ ಯೋಚಿಸಬೇಕಾದ ವಿಷಯವೇ. ಆಫೀಸು ಬಿಟ್ಟ ದಿನ ಆ ಕಾಲಂ ಪೂರ್ತಿ ಅಳಿಸಿ ಹೋಗುತ್ತದೆ. ಗಂಡಸರಿಗೆ ರಿಟೈರ್ ಆದ ಮೊದಲ ವರ್ಷ ಆಗುವುದು ಬಹಳ ಸಲ ಇದೇ.

ಹೆಜ್ಜೆ 2: ಕಿವಿ ತೋರಿಸಿ

ಈ ಹೆಜ್ಜೆ ನಮಗೆ ತಡವಾಗಿ ಹೊಳೆಯಿತು, ನಿಮಗೆ ಮೊದಲೇ ಹೇಳುತ್ತಿದ್ದೇನೆ. ಅಪ್ಪ ಫೋನ್ ಮಾಡಲು ಯಾಕೆ ಹಿಂದೆ ಮುಂದೆ ನೋಡುತ್ತಿದ್ದರು ಅಂದರೆ, ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಂದಕ್ಕೊಂದು ಉತ್ತರ ಕೊಟ್ಟು ಎರಡು ಸಲ ನಗೆಪಾಟಲಾಗಿತ್ತಂತೆ. ಅಲ್ಲಿಗೆ ಬಿಟ್ಟಿದ್ದರು. ನಾವೆಲ್ಲ ಅದನ್ನು ಬೇಸರ, ಮೂಡು, ವಯಸ್ಸು ಅಂದುಕೊಂಡಿದ್ದೆವು.

ಕಿವಿ ಮಂದವಾದವರು ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾರೆ, ಆಮೇಲೆ ಮದುವೆಗೇ ಹೋಗುವುದಿಲ್ಲ. ಮರೆವಿನ ಕಾಯಿಲೆ ಡಿಮೆನ್ಷಿಯಾ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ 14 ಅಪಾಯದ ಅಂಶಗಳ ಪಟ್ಟಿಯಲ್ಲಿ ಕಿವಿ ಮಂದವಾಗುವುದೂ ಇದೆ, ಜನರಿಂದ ದೂರವಾಗುವುದೂ ಇದೆ. ಅರವತ್ತು ದಾಟಿದವರಿಗೆ ಒಮ್ಮೆ ಕೇಳುವಿಕೆಯ ಪರೀಕ್ಷೆ ಮಾಡಿಸಿ. ಮೈಸೂರು ಸುತ್ತಮುತ್ತಲಿನವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಬರೀ ಗುಗ್ಗೆ ಕಟ್ಟಿಕೊಂಡಿದ್ದರೆ ಅಲ್ಲೇ ತೆಗೆಯುತ್ತಾರೆ. ಮೆಷಿನ್ ಬೇಕು ಅಂದರೆ ಮೊದಲ ತಿಂಗಳು ಅದು ಹಿಂಸೆ, ಎಲ್ಲ ಸದ್ದೂ ಒಟ್ಟಿಗೆ ನುಗ್ಗುತ್ತದೆ, ಬಿಸಾಡಬೇಕು ಅನ್ನಿಸುತ್ತದೆ. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ.

ಕನ್ನಡಕ, ಮೊಣಕಾಲು, ಮೂತ್ರ ತಡೆಯಲಾಗದ ತೊಂದರೆ, ಇವೂ ಹಾಗೆಯೇ. ಮನೆಯಿಂದ ಹೊರಗೆ ಹೋಗಲ್ಲ ಅನ್ನುವವರ ಹಿಂದೆ ಬಾಯಿಬಿಟ್ಟು ಹೇಳಲಾಗದ ಇಂಥ ಒಂದು ಕಾರಣ ಇರಬಹುದು. ಮೆಲ್ಲಗೆ ಕೇಳಿ.

ಹೆಜ್ಜೆ 3: ಪೆನ್ಸಿಲ್ ಹೆಸರಿಗೆ ಫೋನ್ ಮಾಡಿ

ಎಷ್ಟೋ ವರ್ಷ ಆಯಿತು, ಈಗ ಯಾವ ಮುಖ ಇಟ್ಟುಕೊಂಡು ಮಾಡಲಿ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಅಮೆರಿಕದಲ್ಲಿ ಪೆಗ್ಗಿ ಲಿಯು ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2022ರಲ್ಲಿ ಬರೆದಿದ್ದಾರೆ: ನಾವು ಸುಮ್ನೆ ವಿಚಾರಿಸಿಕೊಂಡಾಗ ಆ ಕಡೆಯವರಿಗೆ ಎಷ್ಟು ಖುಷಿಯಾಗುತ್ತದೆ ಅನ್ನುವುದನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಅನಿರೀಕ್ಷಿತವಾಗಿ ಬಂದಷ್ಟೂ ಖುಷಿ ಜಾಸ್ತಿ.

ನಮ್ಮ ಕಡೆ ಒಂದು ತೊಡಕಿದೆ. ಹತ್ತು ವರ್ಷದ ಮೇಲೆ ಫೋನ್ ಬಂದರೆ ಮೂರೇ ಅರ್ಥ: ಸಾಲ, ಪಾಲಿಸಿ, ಇಲ್ಲವೇ ಸಾವು. ಅದಕ್ಕೇ ಮೊದಲ ವಾಕ್ಯದಲ್ಲೇ ಆ ಹೆದರಿಕೆ ಬಿಡಿಸಿಬಿಡಿ. "ಏನೂ ಇಲ್ಲಪ್ಪಾ, ಸುಮ್ನೆ ಮಾಡಿದೆ. ಇವತ್ತು ಅವರೆಕಾಯಿ ಬಿಡಿಸ್ತಾ ಇದ್ದೆ, ನಿಮ್ಮ ತೋಟ ನೆನಪಾಯಿತು." ನಿಜವಾದ, ಸಣ್ಣ ನೆನಪು ಒಂದು ಸಾಕು. ಇಷ್ಟು ದಿನ ಮಾಡಲಿಲ್ಲ ಅಂತ ಐದು ನಿಮಿಷ ಕ್ಷಮೆ ಕೇಳಬೇಡಿ, ಆಗ ಅವರೂ ಕೇಳಬೇಕಾಗುತ್ತದೆ, ಇಬ್ಬರಿಗೂ ಬೇಜಾರು. ಏಳೆಂಟು ನಿಮಿಷಕ್ಕೆ ಮುಗಿಸಿ. ಇಡುವ ಮುಂಚೆ ಮುಂದಿನ ಸಲದ ದಿನ ಹೇಳಿ: "ಹಬ್ಬ ಆದ ಮೇಲೆ ಒಂದ್ಸಲ ಮಾಡ್ತೀನಿ." ಮಾಡಿ.

ಅಪ್ಪ ಮೊದಲು ಮಾಡಿದ್ದು ತಿಪಟೂರಿನ ಒಬ್ಬ ಹಳೇ ಸಹೋದ್ಯೋಗಿಗೆ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಏನಯ್ಯಾ, ಇನ್ನೂ ಇದ್ದೀಯಾ? ನಾನು ನಿನ್ನ ಹೆಸರಿಗೆ ಗೀಟು ಹಾಕೋದೋ ಬೇಡವೋ ಅಂತಿದ್ದೆ" ಅಂದರು ಆ ಕಡೆಯವರು. ಅವರ ಹತ್ತಿರವೂ ಡೈರಿ ಇದೆ ಅಂತ ಆಗ ಗೊತ್ತಾಯಿತು.

ವಾರಕ್ಕೆ ಒಂದು ಫೋನು ಸಾಕು. ಎತ್ತದಿದ್ದರೆ ಇನ್ನೊಮ್ಮೆ ಮಾಡಿ, ಆಮೇಲೆ ಬಿಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಹೊರದೇಶದ ಮಕ್ಕಳ ಜೊತೆ ಭಾನುವಾರದ ವಿಡಿಯೋ ಕಾಲ್ "ಊಟ ಆಯ್ತಾ, ಚಳಿ ಇದೆಯಾ" ದಾಟುವುದೇ ಇಲ್ಲ ಅಂತಾದರೆ, ಒಟ್ಟಿಗೆ ಒಂದು ಕೆಲಸ ಮಾಡಿ ನೋಡಿ. ನಮ್ಮ ಅತ್ತಿಗೆ ಡಲ್ಲಾಸಿನಲ್ಲಿರುವ ಮಗನಿಗೆ ಫೋನ್ ಹಿಡಿದೇ ಬಿಸಿಬೇಳೆಬಾತ್ ಮಾಡಿಸಿದರು. ಒಂದೂವರೆ ಗಂಟೆ ಬೈಗುಳ ಸಮೇತ ಮಾತು.

ಹೆಜ್ಜೆ 4: ದಿನ, ಹೊತ್ತು, ಜಾಗ ಗೊತ್ತು ಮಾಡಿ

"ಒಂದಿನ ಸಿಗೋಣ" ಅನ್ನುವ ಮಾತಿನಷ್ಟು ಸುಳ್ಳು ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ನಂಟು ಉಳಿದಿರುವ ಕಡೆಯೆಲ್ಲ ನೋಡಿ, ದಿನ ಗೊತ್ತಾಗಿರುತ್ತದೆ. ಶನಿವಾರ ಭಜನೆ, ಸೋಮವಾರ ಸಂತೆ, ಬೆಳಿಗ್ಗೆ ಆರಕ್ಕೆ ಲಾಲ್‌ಬಾಗಿನ ಗೇಟು. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಹೋದರೆ ಅಲ್ಲಿರುತ್ತಾರೆ.

ಜಪಾನಿನ ಒಕಿನಾವಾದಲ್ಲಿ ಶತಾಯುಷಿಗಳು ಜಾಸ್ತಿ ಅಂತ ಕೇಳಿರುತ್ತೀರಿ. ಅಲ್ಲಿ ಮೊವಾಯ್ ಅಂತ ಒಂದು ಪದ್ಧತಿ ಇದೆ. ಗೊತ್ತಾದ ಕೆಲವರು ಸೇರಿ, ಆಗಾಗ ಕೂಡಿ, ಪ್ರತಿಯೊಬ್ಬರೂ ಇಷ್ಟಿಷ್ಟು ದುಡ್ಡು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ತೆಗೆದುಕೊಳ್ಳುವುದು. ಓದಿದ ಕೂಡಲೇ ನಗು ಬಂತು, ಇದು ನಮ್ಮ ಚೀಟಿಯೇ! ನಮ್ಮ ಬೀದಿಯ ಹೆಂಗಸರು ಐದನೇ ತಾರೀಖು ಒಬ್ಬರ ಮನೆಯಲ್ಲಿ ಸೇರಿ, ಚೀಟಿ ಎತ್ತಿ, ಚುರುಮುರಿ ತಿಂದು, ಯಾರ ಸೊಸೆ ಹೇಗೆ ಅಂತ ಮಾತಾಡಿ ಏಳುತ್ತಿದ್ದರಲ್ಲ, ಅದೇ. ಅಲ್ಲಿ ದುಡ್ಡು ಒಂದು ನೆಪ. ಆದರೆ ದುಡ್ಡು ಇರುವುದರಿಂದಲೇ ಯಾರೂ ತಪ್ಪಿಸುವುದಿಲ್ಲ. ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘಗಳಲ್ಲೂ ಇದೇ ಗುಟ್ಟು. ಅಪರಿಚಿತರ ಜೊತೆ ದುಡ್ಡಿನ ಚೀಟಿಗೆ ಇಳಿಯಿರಿ ಅಂತ ನಾನು ಹೇಳುತ್ತಿಲ್ಲ, ಮೋಸ ಹೋದೀರಿ. ತಪ್ಪಿಸಲಾಗದ ಒಂದು ನೆಪ ಇರಲಿ ಅಂತ ಅಷ್ಟೇ.

ಗೆಳೆತನಕ್ಕೆ ಎಷ್ಟು ಹೊತ್ತು ಬೇಕು? ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದಾರೆ. ಬರೀ ಪರಿಚಯ ಸಾಧಾರಣ ಗೆಳೆತನ ಆಗಲು ಹತ್ತಿರ ಹತ್ತಿರ 50 ಗಂಟೆ ಒಟ್ಟಿಗೆ ಕಳೆದಿರಬೇಕು, ಗೆಳೆಯ ಅನ್ನಲು 90, ಆಪ್ತ ಅನ್ನಲು 200 ದಾಟಬೇಕು. ಅಮೆರಿಕದ ಲೆಕ್ಕ ಇದು, ನಮ್ಮಲ್ಲಿ ರೈಲಿನಲ್ಲಿ ಚಿತ್ರಾನ್ನ ಹಂಚಿಕೊಂಡರೆ ಅರ್ಧ ಗಂಟೆಯಲ್ಲಿ ಸಂಬಂಧ ಬೆಳೆಯುತ್ತದೆ. ಆದರೂ ಅಂದಾಜಿಗೆ ಒಳ್ಳೆಯದು. ವಾರಕ್ಕೆ ಎರಡು ಗಂಟೆ ಅಂದರೆ 50 ಗಂಟೆಗೆ 25 ವಾರ. ಅಂದರೆ ಆರು ತಿಂಗಳು. ಎರಡು ಸಲ ಹೋಗಿ "ಅಲ್ಲಿ ನನಗೆ ಯಾರೂ ಸೆಟ್ ಆಗಲ್ಲ" ಅನ್ನುವವರು ಈ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಿ.

ಏನು ಮಾಡಬಹುದು? ಹತ್ತಿರದ ಗ್ರಂಥಾಲಯದ ಪೇಪರ್ ಓದುವ ಮೇಜು. ದೇವಸ್ಥಾನದ ಪಾರಾಯಣ. ಯೋಗ. ಯಕ್ಷಗಾನದ ತಾಳ ಕಲಿಯುವುದು. ಭಾನುವಾರದ ಕ್ರಿಕೆಟ್ಟು. ಸಂಜೆ ದರ್ಶಿನಿಯ ಮುಂದೆ ನಿಂತು ಬೈ-ಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಒಂದು ಗಂಟೆ ಮಾತಾಡುವ ವಿದ್ಯೆ ನಮ್ಮಲ್ಲಿರುವಾಗ ದೊಡ್ಡ ಖರ್ಚಿನ ಕ್ಲಬ್ಬು ಯಾಕೆ? ಹೆಂಗಸರಿಗೆ ಇನ್ನೊಂದು ಅನುಕೂಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳು ಉಚಿತ. ವಿಳಾಸ ಇರುವ ಗುರುತಿನ ಚೀಟಿ ಹಿಡಿದು ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋಗಿ ಬನ್ನಿ. ಕೆಲವರು ಇದನ್ನು ಆಡಿಕೊಂಡು ನಗುತ್ತಾರೆ. ನನಗಂತೂ ಅದು ಆರೋಗ್ಯದ ಯೋಜನೆ ಅಂತಲೇ ಅನ್ನಿಸುತ್ತದೆ.

ಹೆಜ್ಜೆ 5: ಮುಖಪರಿಚಯದವರನ್ನು ಮಾತಾಡಿಸಿ

ಇದು ಸಣ್ಣದು, ಬೇಗ ಮುಗಿಸುತ್ತೇನೆ. ಲಿಫ್ಟಿನಲ್ಲಿ ಮೊಬೈಲ್ ಜೇಬಲ್ಲಿರಲಿ. ಸೊಪ್ಪಿನವರ ಊರು ಕೇಳಿ. ಸೆಕ್ಯುರಿಟಿಯವರಿಗೆ ಹೆಸರಿದೆ, ಅದರಿಂದ ಕರೆಯಿರಿ. ಇಂಥ ತೆಳು ನಂಟುಗಳಿದ್ದ ದಿನ ಜನರ ಮನಸ್ಸು ಹಗುರ ಇರುತ್ತದೆ ಅಂತ ಜಿಲಿಯನ್ ಸ್ಯಾಂಡ್‌ಸ್ಟ್ರಮ್ ಅವರ ಅಧ್ಯಯನಗಳು ತೋರಿಸಿವೆ. ಎಲ್ಲವನ್ನೂ ಆ್ಯಪಲ್ಲಿ ತರಿಸಿಕೊಳ್ಳುವವರು ವಾರಕ್ಕೊಂದು ಸಾಮಾನನ್ನಾದರೂ ನಡೆದುಕೊಂಡು ಹೋಗಿ ತನ್ನಿ.

ಹೆಜ್ಜೆ 6: ಮುಯ್ಯಿ

ಹಳ್ಳಿಯ ಕಡೆಯವರಿಗೆ ಮುಯ್ಯಾಳು ಅನ್ನುವ ಪದ ಗೊತ್ತಿರುತ್ತದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳಿದ್ದು ನನ್ನ ಗದ್ದೆಗೆ ನೀವು. ಕೂಲಿ ಇಲ್ಲ, ಲೆಕ್ಕ ಇದೆ. ಮದುವೆಯಲ್ಲಿ ಮುಯ್ಯಿ ಬರೆಸುವುದೂ ಇದೇ ಲೆಕ್ಕ. ಈ ಲೆಕ್ಕ ಪೂರ್ತಿ ಚುಕ್ತಾ ಆಗಬಾರದು. ಯಾವಾಗಲೂ ಯಾರಾದರೊಬ್ಬರ ಕಡೆ ಸ್ವಲ್ಪ ಬಾಕಿ ಇರಬೇಕು, ಆಗಲೇ ಮತ್ತೆ ಹೋಗಿ ಬರುವುದು ನಡೆಯುತ್ತದೆ. ನನ್ನ ಪ್ರಕಾರ ನಂಟಿನ ಯಂತ್ರ ಓಡುವುದೇ ಈ ಬಾಕಿಯ ಮೇಲೆ.

ಊರಲ್ಲಿ ಇದು ಚೆನ್ನಾಗಿ ಗೊತ್ತಿದ್ದವರೂ ಪಟ್ಟಣಕ್ಕೆ ಬಂದು "ಯಾರ ಹಂಗೂ ಬೇಡ" ಅಂತ ಶುರುಮಾಡುತ್ತೇವೆ. ಸಕ್ಕರೆ ಖಾಲಿಯಾದರೆ ಹತ್ತು ನಿಮಿಷದಲ್ಲಿ ಡೆಲಿವರಿ. ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಕೇಳಿ ನೋಡಿ. ಅವರು ಕೊಡುತ್ತಾರೆ, ನೀವು ಲೋಟ ವಾಪಸ್ ಕೊಡುವಾಗ ಖಾಲಿ ಕೊಡಲಾರಿರಿ, ನಾಲ್ಕು ಕೋಡುಬಳೆ ಹಾಕುತ್ತೀರಿ. ಶುರುವಾಯಿತು. ಕೇಳಿದರೆ ಸಣ್ಣವರಾಗುತ್ತೇವೆ ಅನ್ನುವ ಬಿಗುಮಾನ ಬಿಡಿ. ಕೇಳುವುದೆಂದರೆ ಅವರಿಗೂ ಮುಂದೆ ಕೇಳಲು ಅನುಮತಿ ಕೊಟ್ಟ ಹಾಗೆ.

ಕೊಡುವ ಕಡೆಯದು ಇನ್ನೂ ದೊಡ್ಡದು. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೆಫನಿ ಬ್ರೌನ್ 423 ವೃದ್ಧ ದಂಪತಿಗಳನ್ನು ಐದು ವರ್ಷ ನೋಡಿ 2003ರಲ್ಲಿ ಹೇಳಿದ್ದು: ನೆಂಟರಿಗೆ, ಗೆಳೆಯರಿಗೆ, ನೆರೆಯವರಿಗೆ ಕೈಲಾದ ಸಹಾಯ ಮಾಡುತ್ತಿದ್ದವರು ಸಾಯುವ ಸಾಧ್ಯತೆ ಕಡಿಮೆ ಇತ್ತು, ಬರೀ ಸಹಾಯ ಪಡೆದವರಿಗೆ ಆ ಲಾಭ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಅಪ್ಪನಿಗೆ ನಾನು ಏನೂ ಕೆಲಸ ಇಟ್ಟಿರಲಿಲ್ಲ. ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. "ನೀವು ಸುಮ್ನೆ ಕೂತ್ಕೊಳ್ಳಿ ಅಪ್ಪ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವರು ಕೂತರು.

ಬದಲಾದದ್ದು ಒಂದು ಗಣಿತದ ಪುಸ್ತಕದಿಂದ. ಸೆಕ್ಯುರಿಟಿ ಕೆಲಸದವರ ಮಗ ಗೇಟಿನ ಕುರ್ಚಿಯಲ್ಲಿ ಹೋಂವರ್ಕ್ ಮಾಡುತ್ತಾ ಭಿನ್ನರಾಶಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಹಾಲು ತರಲು ಇಳಿದಿದ್ದ ಅಪ್ಪ ನಿಂತು ನೋಡಿ, ತಡೆಯಲಾಗದೆ, "ಛೇದ ಸಮ ಮಾಡ್ಕೊಳ್ಳದೆ ಕೂಡಿಸ್ತಿದ್ದೀಯಲ್ಲೋ" ಅಂದರು. ಮಾರನೇ ದಿನ ತಾವೇ ಪೆನ್ಸಿಲ್ ಕೆತ್ತಿಕೊಂಡು ಹೋದರು. ಎರಡು ವಾರಕ್ಕೆ ನಾಲ್ಕು ಮಕ್ಕಳಾದರು. ಈಗ ಸಂಜೆ ಐದಕ್ಕೆ ಕ್ಲಬ್‌ಹೌಸಿನ ಪಕ್ಕದ ಕಲ್ಲು ಬೆಂಚು ಅಪ್ಪನ ತರಗತಿ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಜ್ಜಂದಿರು ಅಲ್ಲೇ ನಿಂತು ಮಾತಿಗೆ ಶುರುಮಾಡಿದರು, ಮಂಗಳವಾರ ಅವರದ್ದೇ ಒಂದು ಗುಂಪು ಕೂರುತ್ತದೆ. ಬಿಪಿ ಮಾತ್ರೆ ನಿಂತಿಲ್ಲ, ನಿಲ್ಲುವುದೂ ಇಲ್ಲ, ಯಾರೂ ನಿಲ್ಲಿಸಬೇಡಿ. ನಿದ್ದೆ ಮಾತ್ರ ಸರಿಹೋಯಿತು.

ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಗೆ ಒಂದು ನಿಜವಾದ ಕೆಲಸ ಕೊಡಿ. ಸಮಯ ಕಳೆಯಲಿ ಅಂತ ಸುಳ್ಳು ಕೆಲಸ ಕೊಟ್ಟರೆ ಗೊತ್ತಾಗಿಬಿಡುತ್ತದೆ. ಅವರು ಮಾಡದಿದ್ದರೆ ನಿಂತುಹೋಗುವಂಥದ್ದಾಗಿರಬೇಕು.

ಹೆಜ್ಜೆ 7: ವಿಷದ ನಂಟನ್ನು ಗುರುತಿಸಿ

ನಂಟೆಲ್ಲ ಅಮೃತ ಅಂತ ಹೇಳಿಕೊಂಡು ಬಂದೆ, ಈಗ ಎದುರು ಮಾತು. ಜಾನಿಸ್ ಕೀಕೋಲ್ಟ್-ಗ್ಲೇಸರ್ ಅನ್ನುವವರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಬ್ಬೆ ಗಾಯ ಮಾಡಿ, ಗಂಡ ಹೆಂಡತಿ ಮಾತಾಡುವುದನ್ನು ಗಮನಿಸಿ, ಗಾಯ ಮಾಯುವುದನ್ನು ಅಳೆದರು. 2005ರ ಆ ಅಧ್ಯಯನದಲ್ಲಿ ಕಡು ವೈರದಿಂದ ಮಾತಾಡುತ್ತಿದ್ದ ದಂಪತಿಗಳ ಗಾಯ, ಉಳಿದವರ ಗಾಯದ 60 ಪರ್ಸೆಂಟ್ ವೇಗದಲ್ಲಿ ಮಾತ್ರ ಮಾಯಿತು. ಚುಚ್ಚು ಮಾತು ಚರ್ಮಕ್ಕೂ ತಿಳಿಯುತ್ತದೆ.

ಹಾಗಾಗಿ "ಹೊಂದಿಕೊಂಡು ಹೋಗಮ್ಮ" ಅನ್ನುವ ಹಿರಿಯರ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಪಟ್ಟಿಯಲ್ಲಿರುವ ಪ್ರತಿ ಹೆಸರಿನ ಪಕ್ಕ ಕೇಳಿಕೊಳ್ಳಿ, ಇವರನ್ನು ನೋಡಿ ಬಂದ ಮೇಲೆ ನನಗೆ ಹೇಗಿರುತ್ತದೆ? ಪ್ರತಿ ಸಲ ತಲೆನೋವು ಬಂದರೆ ಭೇಟಿ ಕಡಿಮೆ ಮಾಡಿ, ಹಬ್ಬ ಹುಣ್ಣಿಮೆಗೆ ಸೀಮಿತ ಮಾಡಿ. ಸಂಬಂಧ ಕಡಿದುಕೊಳ್ಳಬೇಕಾಗಿಲ್ಲ, ಅಂತರ ಸಾಕು. ಮನೆಯೊಳಗೇ ಹೊಡೆತ ಬಡಿತ ಇದ್ದರೆ ಅದು ಬೇರೆ ವಿಷಯ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ವಯಸ್ಸಾದವರನ್ನು ಮಕ್ಕಳೇ ಹಿಂಸಿಸುತ್ತಿದ್ದರೆ ಹಿರಿಯರ ಸಹಾಯವಾಣಿ 14567, ಅವರ ಪಾಲನೆಗೆ 2007ರ ಕಾನೂನೂ ಇದೆ.

ಇನ್ನು, ಯಾರ ಜೊತೆಗೂ ಮಾತು ಬೇಡ, ಬೆಳಿಗ್ಗೆ ಏಳಲೂ ಮನಸ್ಸಿಲ್ಲ, ಬದುಕಿ ಏನು ಅನ್ನಿಸುವುದು ಎರಡು ವಾರ ದಾಟಿ ಉಳಿದರೆ ಮೇಲಿನ ಹೆಜ್ಜೆ ಯಾವುದೂ ಸಾಲದು. ಅದು ಖಿನ್ನತೆ ಇರಬಹುದು, ಚಿಕಿತ್ಸೆ ಬೇಕು. ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆಗಲೇ ಮಾಡಿ.

ಹೆಜ್ಜೆ 8: ಮೂರು ತಿಂಗಳಿಗೊಮ್ಮೆ ಹಾಳೆ ತೆಗೆಯಿರಿ

ಕೆಲವು ಹತ್ತುವುದಿಲ್ಲ. ಅಪ್ಪ ನಗೆ ಕೂಟಕ್ಕೆ ಎರಡೇ ದಿನ ಹೋದರು, "ಏನೂ ಜೋಕ್ ಹೇಳದೇ ನಗಿಸ್ತಾರೆ, ನನಗಾಗಲ್ಲ" ಅಂದರು. ಹಿರಿಯರ ಪ್ರವಾಸಕ್ಕೆ ದುಡ್ಡು ಕಟ್ಟಿ ಕೊನೆಗೆ ಹೋಗಲಿಲ್ಲ. ನಾನು ಸೇರಿದ ಪುಸ್ತಕದ ಗುಂಪು ಮೂರನೇ ತಿಂಗಳಿಗೆ ವಾಟ್ಸಾಪ್ ಜಗಳವಾಗಿ ಮುರಿಯಿತು, ಆದರೆ ಅದರಿಂದ ಒಬ್ಬಳು ಉಳಿದಳು, ಗುರುವಾರ ಅವಳ ಜೊತೆ ವಾಕಿಂಗ್. ಹತ್ತದ್ದನ್ನು ಬಿಟ್ಟು ಇನ್ನೊಂದು ಹಿಡಿಯಿರಿ. ಪೆನ್ಸಿಲ್ ಹೆಸರಲ್ಲಿ ಎಷ್ಟು ಪೆನ್ನಿಗೆ ಬಂದವು ನೋಡಿ, ಖಾಲಿ ಇರುವ ಕಾಲಮ್ಮಿಗೆ ಒಂದು ಕೆಲಸ ಗೊತ್ತು ಮಾಡಿ.

ಹೋದ ವಾರ ನಾವು ನಾಲ್ಕನೇ ಸಲ ತೆಗೆದೆವು. ಅಪ್ಪನ ಮೂರನೇ ಕಾಲಂ ತುಂಬಿ ಹಾಳೆಯ ಹಿಂದಕ್ಕೆ ಹೋಗಿದೆ. ಎರಡನೇ ಕಾಲಂ, ರಾತ್ರಿ ಕರೆದರೆ ಓಡಿ ಬರುವವರದ್ದು, ಇನ್ನೂ ತೆಳ್ಳಗಿದೆ. ಅಲ್ಲಿ ನಾನು ಮತ್ತು ಮೂರನೇ ಮಹಡಿಯ ಒಬ್ಬರು ಮಾತ್ರ. ನಾನು ತಿಂಗಳಿಗೆ ಒಂದು ವಾರ ಟೂರಿನಲ್ಲಿರುತ್ತೇನೆ. ಅಪ್ಪ ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕೂತು, ಎದುರು ಮನೆಯವರ ಹೆಸರು ಬರೆದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು. ಈ ಶನಿವಾರ ಮನೆಯ ಇನ್ನೊಂದು ಕೀಲಿ ಮಾಡಿಸಿ ಅವರ ಕೈಗೆ ಕೊಡಬೇಕು.